ಒಬ್ಬ ಲೇಖಕಿ, ಎಂಟು ಹೆಸರು

ಬೆಂಗಳೂರು, ಮೈಸೂರುಗಳ ಹಳೆಯ ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ಇಂಗ್ಲಿಷ್ ಕಾದಂಬರಿಗಳನ್ನು ಬಾಡಿಗೆಗೆ ಒಯ್ಯುತ್ತಿದ್ದವರಿಗೆ ವಿಕ್ಟೋರಿಯಾ ಹೋಲ್ಟ್ ಎಂಬ ಹೆಸರು ಹೊಸದಲ್ಲ. ರಕ್ಷಾಪುಟವನ್ನು ನೋಡಿಯೇ ಆ ಪುಸ್ತಕಗಳನ್ನು ಗುರುತು ಹಿಡಿಯಬಹುದಿತ್ತು. ಹಿನ್ನೆಲೆಯಲ್ಲಿ ಒಂದು ಹಳೆಯ ಭಾರಿ ಬಂಗಲೆ, ಕವಿದ ಮೋಡ, ಮೇಲಂತಸ್ತಿನ ಒಂದೇ ಒಂದು ಕಿಟಕಿಯಲ್ಲಿ ಬೆಳಕು, ಮುಂದುಗಡೆ ಉದ್ದ ನಿಲುವಂಗಿಯ ತರುಣಿಯೊಬ್ಬಳು. ಅದೇ ಲೈಬ್ರರಿಯ ಇನ್ನೊಂದು ಕಪಾಟಿನಲ್ಲಿ, 'ಪಿ' ಅಕ್ಷರದ ಸಾಲಿನಲ್ಲಿ, ಜೀನ್ ಪ್ಲೇಡಿ ಎಂಬಾಕೆ ಬರೆದ ರಾಜರಾಣಿಯರ ಕಥೆಗಳಿರುತ್ತಿದ್ದವು. 'ಸಿ' ಅಕ್ಷರದ ಸಾಲಿನಲ್ಲಿ ಫಿಲಿಪಾ ಕಾರ್ ಬರೆದ ವಂಶಕಥೆಗಳು. ಒಂದು ಹೆಸರನ್ನು ಮೆಚ್ಚಿಕೊಂಡ ಓದುಗರು ಉಳಿದೆರಡು ಹೆಸರುಗಳತ್ತ ಕಣ್ಣೆತ್ತಿ ನೋಡದೆಯೂ ಇರಬಹುದಿತ್ತು. ಮೂರೂ ಕಪಾಟುಗಳನ್ನು ತುಂಬಿದ್ದು ಲಂಡನ್ನಿನ ಒಬ್ಬಳೇ ಹೆಂಗಸು ಎಂಬುದು ಅನೇಕರಿಗೆ ಗೊತ್ತೇ ಇರಲಿಲ್ಲ.

ಆಕೆಯ ನಿಜವಾದ ಹೆಸರು ಎಲೀನರ್ ಹಿಬ್ಬರ್ಟ್. 1993ರ ಜನವರಿ 18ರಂದು, ಗ್ರೀಸಿನಿಂದ ಈಜಿಪ್ಟಿನ ಪೋರ್ಟ್ ಸೈದ್ ಕಡೆಗೆ ಹೊರಟಿದ್ದ 'ಸೀ ಪ್ರಿನ್ಸೆಸ್' ಎಂಬ ಪ್ರವಾಸಿ ಹಡಗಿನಲ್ಲಿ ಆಕೆ ತೀರಿಕೊಂಡರು. ವಯಸ್ಸು 86. ಪಾರ್ಥಿವ ಶರೀರವನ್ನು ಸಮುದ್ರಕ್ಕೇ ಒಪ್ಪಿಸಲಾಯಿತು. ಅಷ್ಟು ಹೊತ್ತಿಗೆ ಆಕೆ ಬರೆದ ಪುಸ್ತಕಗಳ ಸಂಖ್ಯೆ ಇನ್ನೂರನ್ನು ಮುಟ್ಟಿತ್ತು. 20 ಭಾಷೆಗಳಿಗೆ ಅನುವಾದವಾಗಿ ಮಾರಾಟವಾದ ಪ್ರತಿಗಳ ಲೆಕ್ಕ ಹತ್ತು ಕೋಟಿಯನ್ನು ದಾಟಿತ್ತು. ಇಷ್ಟು ಓದುಗರನ್ನು ಪಡೆದ ಲೇಖಕಿಯ ಸ್ವಂತ ಹೆಸರನ್ನು ಓದುಗರು ಯಾಕೆ ಕೇಳಿರಲಿಲ್ಲ? ಉತ್ತರ ಹುಡುಕಲು ಲಂಡನ್ನಿನ ಹಡಗುಕಟ್ಟೆಯ ಓಣಿಗಳಿಗೆ ಹೋಗಬೇಕು.

ಲಂಡನ್ನಿನ ಪೂರ್ವ ತುದಿಯಲ್ಲಿ, ಥೇಮ್ಸ್ ನದಿಯ ಹಡಗುಕಟ್ಟೆಗಳ ಪಕ್ಕದಲ್ಲಿ ಕ್ಯಾನಿಂಗ್ ಟೌನ್ ಎಂಬ ಬಡವರ ಬಡಾವಣೆ. ಎಲೀನರ್ ಆಲಿಸ್ ಬರ್ಫರ್ಡ್ ಹುಟ್ಟಿದ್ದು ಅಲ್ಲಿ, 1906ರ ಸೆಪ್ಟೆಂಬರ್ 1ರಂದು. ತಂದೆ ಜೋಸೆಫ್ ಬರ್ಫರ್ಡ್ ಒಂದೇ ಕಸುಬಿಗೆ ಅಂಟಿಕೊಂಡವರಲ್ಲ, ಸಿಕ್ಕಿದ ಕೆಲಸ ಮಾಡುತ್ತಿದ್ದವರು. ಆದರೆ ಓದಿನ ಹುಚ್ಚಿತ್ತು. ಆ ಹುಚ್ಚು ಮಗಳಿಗೂ ಹತ್ತಿತು. ಚಿಕ್ಕಂದಿನಲ್ಲಿ ಆರೋಗ್ಯ ಸರಿ ಇಲ್ಲದ್ದರಿಂದ ಎಲೀನರ್ ಮನೆಯಲ್ಲೇ ಪಾಠ ಕಲಿತರು. ಹದಿನಾರನೆಯ ವಯಸ್ಸಿಗೆ ಕಮರ್ಷಿಯಲ್ ಕಾಲೇಜು ಸೇರಿ ಶೀಘ್ರಲಿಪಿ, ಬೆರಳಚ್ಚು ಮತ್ತು ಭಾಷೆಗಳನ್ನು ಅಭ್ಯಾಸ ಮಾಡಿದರು. ಆಮೇಲೆ ಹ್ಯಾಟನ್ ಗಾರ್ಡನ್ ಎಂಬ ಚಿನಿವಾರರ ಪೇಟೆಯಲ್ಲಿ ಒಬ್ಬ ಆಭರಣ ವ್ಯಾಪಾರಿಯ ಬಳಿ ಕೆಲಸ. ಹರಳುಗಳನ್ನು ತೂಗುವುದು, ಪತ್ರಗಳನ್ನು ಟೈಪು ಮಾಡುವುದು. ಕೆಲಕಾಲ ಒಂದು ಕೆಫೆಯಲ್ಲಿ ಫ್ರೆಂಚ್, ಜರ್ಮನ್ ಪ್ರವಾಸಿಗಳಿಗೆ ದುಭಾಷಿಯಾಗಿಯೂ ದುಡಿದರು. ಮುಂದೆ ಆಕೆಯ ಕಾದಂಬರಿಗಳಲ್ಲಿ ಬರುವ ಓಪಲ್, ಪಚ್ಚೆ, ಶಾಪಗ್ರಸ್ತ ಹಾರಗಳ ಕಥೆ ಓದುವಾಗ ಹ್ಯಾಟನ್ ಗಾರ್ಡನ್ನಿನ ತಕ್ಕಡಿ ನೆನಪಾಗದೆ ಇರುವುದಿಲ್ಲ.

ಇಪ್ಪತ್ತರ ಹರೆಯದಲ್ಲಿ ಆಕೆ ಜಾರ್ಜ್ ಪರ್ಸಿವಲ್ ಹಿಬ್ಬರ್ಟ್ ಎಂಬ ಚರ್ಮದ ಸಗಟು ವ್ಯಾಪಾರಿಯನ್ನು ಮದುವೆಯಾದರು. ಆತ ಆಕೆಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವರು. ಆಕೆ ಅವರಿಗೆ ಎರಡನೆಯ ಹೆಂಡತಿ. ಅವರಿಗೂ ಪುಸ್ತಕವೆಂದರೆ ಪ್ರಾಣ. ಹೊಟ್ಟೆಪಾಡಿನ ಕೆಲಸ ತಪ್ಪಿದ್ದರಿಂದ ಎಲೀನರ್ ಬರವಣಿಗೆಗೆ ಕುಳಿತರು.

ಮೊದಲು ಆಕೆ ಬರೆಯ ಹೊರಟದ್ದು ಪ್ರಣಯಕಥೆಗಳನ್ನಲ್ಲ. 1930ರ ದಶಕದಲ್ಲಿ ಒಂಬತ್ತು ದೊಡ್ಡ ಕಾದಂಬರಿಗಳನ್ನು ಬರೆದರು. ಒಂದೊಂದೂ ಸುಮಾರು ಒಂದೂವರೆ ಲಕ್ಷ ಪದಗಳದ್ದು. ಸಮಕಾಲೀನ ಬದುಕನ್ನು ಕುರಿತ, ಮನಸ್ಸಿನ ಆಳಕ್ಕಿಳಿದು ನೋಡುವ ಗಂಭೀರ ಕೃತಿಗಳು. ಬ್ರಾಂಟೆ ಸೋದರಿಯರು, ಜಾರ್ಜ್ ಎಲಿಯಟ್, ಡಿಕನ್ಸ್, ಟಾಲ್‌ಸ್ಟಾಯ್ ಇವರನ್ನೆಲ್ಲ ಓದಿ ಬೆಳೆದವರ ಮಹತ್ವಾಕಾಂಕ್ಷೆ ಅದು. ಒಂಬತ್ತರಲ್ಲಿ ಒಂದನ್ನೂ ಯಾವ ಪ್ರಕಾಶಕರೂ ಒಪ್ಪಲಿಲ್ಲ. ಹದಿಮೂರು ಲಕ್ಷಕ್ಕೂ ಹೆಚ್ಚು ಪದಗಳು ವ್ಯರ್ಥ! ಜೊತೆಯಲ್ಲೇ ಬರೆಯುತ್ತಿದ್ದ ಸಣ್ಣಕಥೆಗಳು ಮಾತ್ರ 'ಡೈಲಿ ಮೇಲ್', 'ಈವನಿಂಗ್ ನ್ಯೂಸ್' ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಕೊನೆಗೆ 'ಡೈಲಿ ಮೇಲ್'ನ ಸಾಹಿತ್ಯ ಸಂಪಾದಕರೇ ಆಕೆಗೆ ಬುದ್ಧಿ ಹೇಳಿದರು. ಹಿಡಿದ ದಾರಿ ಸರಿಯಿಲ್ಲ, ಮಾರಾಟವಾಗುವಂಥದ್ದನ್ನು ಬರೆಯಬೇಕು, ಅದಕ್ಕೆ ಸುಲಭವಾದದ್ದು ಪ್ರಣಯ ಕಾದಂಬರಿ ಎಂಬುದು ಆ ಮಾತಿನ ಸಾರ.

ಇಂಥ ಬುದ್ಧಿಮಾತು ಕೇಳಿದ ಲೇಖಕರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಸಿಟ್ಟಾಗಿ ಹತ್ತನೆಯ ಗಂಭೀರ ಕಾದಂಬರಿ ಬರೆಯುತ್ತಾರೆ, ಇಲ್ಲವೇ ಲೇಖನಿ ಕೆಳಗಿಡುತ್ತಾರೆ. ಎಲೀನರ್ ಮಾಡಿದ್ದು ಬೇರೆ. ಇಪ್ಪತ್ತು ಪ್ರಣಯ ಕಾದಂಬರಿಗಳನ್ನು ತಂದುಕೊಂಡು, ಪರೀಕ್ಷೆಗೆ ಓದುವ ವಿದ್ಯಾರ್ಥಿಯಂತೆ ಓದಿ ಮುಗಿಸಿದರು. ಆಮೇಲೆ ತಾವೂ ಒಂದು ಬರೆದರು. ಹದಿನೆಂಟನೆಯ ಶತಮಾನದ ಕೊನೆಯ ಆಸ್ಟ್ರೇಲಿಯಾದಲ್ಲಿ ನಡೆಯುವ 'ಡಾಟರ್ ಆಫ್ ಆನ್ನಾ' 1941ರಲ್ಲಿ ಹರ್ಬರ್ಟ್ ಜೆಂಕಿನ್ಸ್ ಸಂಸ್ಥೆಯಿಂದ ಹೊರಬಂತು. ಮುಂಗಡವಾಗಿ ಸಿಕ್ಕಿದ್ದು 30 ಪೌಂಡು. ಮಹಾಯುದ್ಧದ ಬಾಂಬುಗಳು ಬೀಳುತ್ತಿದ್ದ, ಕಾಗದಕ್ಕೂ ರೇಷನ್ ಇದ್ದ ಕಾಲ. ಆದರೂ ವರ್ಷಕ್ಕೊಂದು ಪುಸ್ತಕ ಕೊಡಬೇಕೆಂಬ ಕರಾರು ಕೈಸೇರಿತು. ಎಲೀನರ್ ಬರ್ಫರ್ಡ್ ಎಂಬ ತವರಿನ ಹೆಸರಿನಲ್ಲಿ 1961ರ ಹೊತ್ತಿಗೆ 31 ಕಾದಂಬರಿಗಳು ಬಂದವು. ಅವುಗಳಲ್ಲಿ ಹತ್ತನ್ನು ತಂದದ್ದು ಪ್ರಣಯಕಥೆಗಳಿಗೇ ಹೆಸರಾದ ಮಿಲ್ಸ್ ಅಂಡ್ ಬೂನ್.

ವರ್ಷಕ್ಕೊಂದು ಪುಸ್ತಕ ಆಕೆಯ ಕೈಗೆ ಸಾಲುತ್ತಿರಲಿಲ್ಲ. ಹೆಚ್ಚು ಬರೆದರೆ ಮಾರುಕಟ್ಟೆ ಸಹಿಸುವುದಿಲ್ಲ. ಒಬ್ಬರದೇ ಪುಸ್ತಕ ವರ್ಷಕ್ಕೆ ಮೂರು ನಾಲ್ಕು ಬಂದರೆ ಓದುಗರು ಅನುಮಾನಿಸುತ್ತಾರೆ, ವಿಮರ್ಶಕರಂತೂ ಮೂಗು ಮುರಿಯುತ್ತಾರೆ. ಇದಕ್ಕೆ ಕಂಡ ಪರಿಹಾರ ಹೆಸರು ಬದಲಿಸುವುದು. ನಮ್ಮಲ್ಲಿ ಕಾವ್ಯನಾಮವೆಂದರೆ ಒಬ್ಬರಿಗೆ ಒಂದು, ಅದು ಯಾರದೆಂದು ಊರಿಗೆಲ್ಲ ಗೊತ್ತು. ಎಲೀನರ್‌ಗೆ ಅದು ವ್ಯಾಪಾರದ ಸಂಗತಿ. ಒಬ್ಬನೇ ಯಜಮಾನ ಬೇರೆ ಬೇರೆ ಬೀದಿಯಲ್ಲಿ ಬೇರೆ ಬೇರೆ ಬೋರ್ಡು ಹಾಕಿ ಅಂಗಡಿ ತೆರೆದ ಹಾಗೆ.

ಎರಡನೆಯ ಬೋರ್ಡು ಜೀನ್ ಪ್ಲೇಡಿ. ಯುದ್ಧದ ದಿನಗಳಲ್ಲಿ ಹಿಬ್ಬರ್ಟ್ ದಂಪತಿಗಳು ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್ ಸೀಮೆಯಲ್ಲಿ, ಲೂ ಎಂಬ ಕಡಲೂರಿನ ಬಳಿ ವಾಸವಾಗಿದ್ದರು. ಮನೆಯ ಮುಂದಿನ ಕಡಲ ತೀರದ ಹೆಸರು ಪ್ಲೇಡಿ. 1945ರಲ್ಲಿ ಹೊಸ ಹೆಸರು ಬೇಕಾದಾಗ ಅದನ್ನೇ ಎತ್ತಿಕೊಂಡರು. ಹಿಂದೆ 'ಜೀನ್' ಸೇರಿಸಲು ಹೇಳಿದವರು ಆಕೆಯ ಸಾಹಿತ್ಯ ಏಜೆಂಟ್ ಪೇಷನ್ಸ್ ರಾಸ್. ಕಾರಣ ಬಹಳ ಸರಳ. ಚಿಕ್ಕ ಹೆಸರಾದ್ದರಿಂದ ಪುಸ್ತಕದ ಬೆನ್ನಿನ ಮೇಲೆ ಹೆಚ್ಚು ಜಾಗ ತಿನ್ನುವುದಿಲ್ಲ! ಲಕ್ಷಾಂತರ ಓದುಗರು ಪ್ರೀತಿಸಿದ ಹೆಸರು ಹುಟ್ಟಿದ್ದು ಹೀಗೆ.

1949ರಲ್ಲಿ ಎಂಟನೆಯ ಹೆನ್ರಿಯ ಅರಮನೆಯ ಕಥೆ ಬರೆದಾಗ ಜೀನ್ ಪ್ಲೇಡಿಗೆ ತನ್ನ ದಾರಿ ಸಿಕ್ಕಿತು. ಅಲ್ಲಿಂದ ಮುಂದೆ ಇಂಗ್ಲೆಂಡ್, ಫ್ರಾನ್ಸ್, ಸ್ಪೇನ್, ಸ್ಕಾಟ್ಲೆಂಡುಗಳ ರಾಣಿಯರು ಸಾಲುಗಟ್ಟಿ ಬಂದರು. ಕ್ಯಾಥರೀನ್ ದ ಮೆದಿಚಿಯ ಮೇಲೆ ಮೂರು ಸಂಪುಟ, ಮೇರಿ ಸ್ಟುವರ್ಟ್, ಇಸಬೆಲ್ಲಾ, ಹೀಗೆ ಒಟ್ಟು 90ರಷ್ಟು ಪುಸ್ತಕಗಳು. ಸ್ಪೇನಿನ ಧರ್ಮವಿಚಾರಣೆಯ ಕ್ರೌರ್ಯದ ಬಗ್ಗೆ 1959ರಿಂದ 1961ರವರೆಗೆ ಕಾದಂಬರಿಯಲ್ಲದ ಮೂರು ಸಂಪುಟಗಳನ್ನೂ ಬರೆದರು. ರಾಜಕೀಯ, ಯುದ್ಧಗಳನ್ನು ಅರಮನೆಯ ಒಳಕೋಣೆಯಿಂದ, ಮದುವೆ ಮಾಡಿಸಿಕೊಂಡು ಪರದೇಶಕ್ಕೆ ಬಂದ ಹೆಣ್ಣುಮಕ್ಕಳ ಕಣ್ಣಿನಿಂದ ನೋಡುವುದು ಆಕೆಯ ಕ್ರಮ. ಅದಕ್ಕೆ ಬೇಕಾದ ಓದನ್ನು ಮಾತ್ರ ತಪ್ಪಿಸಲಿಲ್ಲ. ಲಂಡನ್ನಿನ ಕೆನ್ಸಿಂಗ್‌ಟನ್ ಗ್ರಂಥಾಲಯ ಆಕೆಗೆ ವಿಶೇಷ ರಿಯಾಯಿತಿ ನೀಡಿ, ಉಗ್ರಾಣದ ಹಳೆಯ ಪುಸ್ತಕಗಳನ್ನು ತಳ್ಳುಗಾಡಿಯಲ್ಲಿ ತುಂಬಿ ಒಯ್ಯಲು ಬಿಡುತ್ತಿತ್ತು.

ಉಳಿದ ಹೆಸರುಗಳನ್ನು ಬಿಡಿಸಿ ನೋಡಿದರೆ ಅವುಗಳಲ್ಲಿ ಆಕೆಯದೇ ಬದುಕು ಅಡಗಿ ಕುಳಿತಿದೆ. ಎಲೀನರ್ ಬರ್ಫರ್ಡ್ ಎಂಬುದನ್ನು ಕತ್ತರಿಸಿ ಅಂಟಿಸಿದರೆ ಎಲ್ಬರ್ ಫೋರ್ಡ್. ಎಲ್ಲಾಲಿಸ್ ಟೇಟ್ ಎಂಬುದರಲ್ಲಿ ಆಕೆಯ ಎರಡು ಹೆಸರುಗಳೂ ತಾಯಿಯ ತವರಿನ ಹೆಸರೂ ಇವೆ. ಆನ್ನಾ ಪರ್ಸಿವಲ್ ಎಂಬುದರಲ್ಲಿ ಗಂಡನ ನಡುವಿನ ಹೆಸರು. ಕ್ಯಾಥ್ಲೀನ್ ಕೆಲೋ ಹೆಸರಿನಲ್ಲಿ ಎಂಟು ಕಾದಂಬರಿಗಳು ಬಂದವು. ಇವುಗಳಲ್ಲಿ ಹೆಚ್ಚಿನವು ಇಂದು ಯಾರಿಗೂ ಬೇಡವಾದ ಪುಸ್ತಕಗಳು, ನಷ್ಟವೇನಿಲ್ಲ.

ಆದರೆ ಎಲ್ಬರ್ ಫೋರ್ಡನ ನಾಲ್ಕು ಪುಸ್ತಕಗಳ ಬಳಿ ಸ್ವಲ್ಪ ನಿಲ್ಲಬೇಕು. 1950ರಿಂದ ಆಚೀಚೆ ಬಂದ ಈ ಕಾದಂಬರಿಗಳಿಗೆ ಆಧಾರ ಹತ್ತೊಂಬತ್ತನೆಯ ಶತಮಾನದಲ್ಲಿ ನಿಜವಾಗಿ ನಡೆದ ಕೊಲೆ ಮೊಕದ್ದಮೆಗಳು. ಹೆಂಡತಿಗೂ ಅತ್ತೆಗೂ ವಿಷವಿಕ್ಕಿ 1865ರಲ್ಲಿ ಗಲ್ಲಿಗೇರಿದ ಗ್ಲಾಸ್ಗೋದ ಡಾಕ್ಟರ್ ಪ್ರಿಚರ್ಡ್. ಗಂಡ ಕ್ಲೋರೋಫಾರಂ ಹೊಟ್ಟೆಗೆ ಹೋಗಿ ಸತ್ತ ಪ್ರಕರಣದಲ್ಲಿ ವಿಚಾರಣೆ ಎದುರಿಸಿ 1886ರಲ್ಲಿ ಬಿಡುಗಡೆಯಾದ ಲಂಡನ್ನಿನ ಅಡಿಲೇಡ್ ಬಾರ್ಟ್‌ಲೆಟ್. ಪುಟ್ಟ ಮಲತಮ್ಮನನ್ನು ಕೊಂದದ್ದಾಗಿ ಐದು ವರ್ಷಗಳ ನಂತರ ಒಪ್ಪಿಕೊಂಡ ಕಾನ್‌ಸ್ಟನ್ಸ್ ಕೆಂಟ್. ಈ ಮೂರರಲ್ಲೂ ಸಾವು ಬಂದದ್ದು ಹೊರಗಿನ ಕಳ್ಳಕಾಕರಿಂದಲ್ಲ. ಮುಂಬಾಗಿಲಿಗೆ ಅಗುಳಿ ಹಾಕಿದ ಸಭ್ಯಸ್ಥರ ಮನೆಯ ಒಳಗೆ, ಮಲಗುವ ಕೋಣೆಯಲ್ಲಿ, ಔಷಧದ ಲೋಟದಲ್ಲಿ. ಮನೆಯೇ ಅಪಾಯದ ಜಾಗವಾಗಬಹುದು ಎಂಬ ಪಾಠವನ್ನು ಎಲೀನರ್ ಈ ಕಡತಗಳಿಂದ ಕಲಿತರು ಎಂದು ಊಹಿಸಿದರೆ ತಪ್ಪಾಗಲಾರದು. ಆಕೆಯ ಅತ್ಯಂತ ಪ್ರಸಿದ್ಧ ಹೆಸರು ನಿಂತಿರುವುದೇ ಆ ಪಾಠದ ಮೇಲೆ.

ಮೆಲಿನ್ ಮಹಲಿಗೆ ಬಂದ ಮೇಡಂ

1960ರ ಹೊತ್ತಿಗೆ ಎಲೀನರ್ ಐವತ್ತು ದಾಟಿದ್ದರು. ಪುಸ್ತಕಗಳು ಹತ್ತಾರು ಇದ್ದರೂ ಅಮೆರಿಕದಲ್ಲಿ ಹೇಳಿಕೊಳ್ಳುವಂಥ ಹೆಸರಿರಲಿಲ್ಲ. ಆಗ ಅಮೆರಿಕದ ಏಜೆಂಟ್ ಪೆಟ್ರೀಷಿಯಾ ಶಾರ್ಟಲ್ ಅವರು, ಹಳೆಯ 'ಗಾಥಿಕ್' ಮಾದರಿಯ ಒಂದು ಪ್ರಣಯಕಥೆ ಬರೆದು ನೋಡಬಾರದೇಕೆ ಎಂದು ಸೂಚಿಸಿದರು.

ಗಾಥಿಕ್ ಎಂದರೇನು? ಇಂಗ್ಲಿಷಿನಲ್ಲಿ ಅದರ ಚರಿತ್ರೆ 1764ರಲ್ಲಿ ಹೊರಬಂದ ಹೊರೇಸ್ ವಾಲ್ಪೋಲನ 'ದಿ ಕ್ಯಾಸಲ್ ಆಫ್ ಒಟ್ರಾಂಟೊ'ದಿಂದ ಶುರುವಾಗುತ್ತದೆ. ಪಾಳುಕೋಟೆ, ಗುಪ್ತದ್ವಾರ, ವಂಶದ ಶಾಪ, ದುಷ್ಟ ದೊರೆಯ ಕೈಗೆ ಸಿಕ್ಕಿದ ಕನ್ಯೆ, ಇವು ಅದರ ಸಾಮಗ್ರಿ. ಆನ್ ರಾಡ್‌ಕ್ಲಿಫ್ ಎಂಬ ಲೇಖಕಿ 1790ರ ದಶಕದಲ್ಲಿ ಇದನ್ನು ಮನೆಮನೆಗೆ ಮುಟ್ಟಿಸಿದಳು. ದೆವ್ವವೆಂದು ಹೆದರಿದ್ದಕ್ಕೆಲ್ಲ ಕೊನೆಯಲ್ಲಿ ಲೌಕಿಕ ಕಾರಣ ಹೇಳುವುದು ಆಕೆ ಹಾಕಿಕೊಟ್ಟ ಪದ್ಧತಿ. 1847ರಲ್ಲಿ ಷಾರ್ಲಟ್ ಬ್ರಾಂಟೆ 'ಜೇನ್ ಐರ್' ಬರೆದು ಆ ಕೋಟೆಯನ್ನು ಇಟಲಿಯಿಂದ ಇಂಗ್ಲೆಂಡಿನ ಹಳ್ಳಿಗಾಡಿಗೆ ತಂದಳು. ಬಡ ಮೇಡಂ, ಶ್ರೀಮಂತ ಯಜಮಾನ, ಮಾಳಿಗೆಯಲ್ಲಿ ಬಚ್ಚಿಟ್ಟ ರಹಸ್ಯ. 1938ರಲ್ಲಿ ಡ್ಯಾಫ್ನಿ ಡ್ಯು ಮಾರಿಯೇ 'ರೆಬೆಕಾ' ಬರೆದು, ಸತ್ತ ಮೊದಲ ಹೆಂಡತಿಯ ನೆರಳಿನಲ್ಲಿ ನಡುಗುವ ಎರಡನೆಯ ಹೆಂಡತಿಯ ಚಿತ್ರ ಕೊಟ್ಟಳು. ಅದರ ನಂತರ ಈ ಪ್ರಕಾರ ಮಂಕಾಗಿತ್ತು.

ಎಲೀನರ್ ಬರೆದ 'ಮಿಸ್ಟ್ರೆಸ್ ಆಫ್ ಮೆಲಿನ್' ಆ ಮಂಕನ್ನು ಹರಿಸಿತು. ಹೊಸ ಪುಸ್ತಕಕ್ಕೆ ಹೊಸ ಹೆಸರು, ವಿಕ್ಟೋರಿಯಾ ಹೋಲ್ಟ್. ಹೋಲ್ಟ್ ಎಂಬುದು ಆಕೆ ಖಾತೆ ಇಟ್ಟಿದ್ದ ಬ್ಯಾಂಕಿನ ಹೆಸರು. ಈ ಆಯ್ಕೆಯಲ್ಲಿ ತುಂಟತನವೂ ಇದ್ದಿರಬಹುದು. ಅಮೆರಿಕದಲ್ಲಿ ಡಬಲ್‌ಡೇ, ಇಂಗ್ಲೆಂಡಿನಲ್ಲಿ ಕಾಲಿನ್ಸ್ ಪ್ರಕಟಿಸಿದ ಈ ಪುಸ್ತಕ ಹೊರಬಂದ ಕೂಡಲೇ ಮಾರಾಟದ ಪಟ್ಟಿ ಏರಿತು. ಕಾರ್ನ್‌ವಾಲಿನ ಕಡಲ ಬಂಡೆಗಳು, ಹಳೆಯ ಮಹಲು, ಸತ್ತ ಹೆಂಡತಿ, ಇಷ್ಟನ್ನು ಕಂಡ ವಿಮರ್ಶಕರು ಡ್ಯಾಫ್ನಿ ಡ್ಯು ಮಾರಿಯೇ ಹೆಸರು ಮರೆಸಿ ಬರೆದಿರಬಹುದೆಂದು ಗುಮಾನಿಪಟ್ಟರು. ಮೂವತ್ತು ವರ್ಷಗಳ ಹಿಂದೆ ಒಂಬತ್ತು ಹಸ್ತಪ್ರತಿಗಳನ್ನು ಹಿಂದಕ್ಕೆ ಪಡೆದವರಿಗೆ ಆ ತಪ್ಪು ಊಹೆ ಖುಷಿ ಕೊಟ್ಟಿರಲೇಬೇಕು.

ಕಥೆ ಸರಳ. ಮಾರ್ಥಾ ಲೀ ಎಂಬ ಇಪ್ಪತ್ನಾಲ್ಕರ ಹೆಣ್ಣುಮಗಳು ಗವರ್ನೆಸ್ ಆಗಿ ಮೆಲಿನ್ ಮಹಲಿಗೆ ಬರುತ್ತಾಳೆ. ಮನೆಯ ಯಜಮಾನ ಕಾನನ್ ವಿಧುರ. ಆಲ್ವೀನ್ ಎಂಬ ಮಗಳು ತಾಯಿಲ್ಲದ ತಬ್ಬಲಿ. ತಾಯಿ ಆಲಿಸ್ ಪರಪುರುಷನೊಡನೆ ಓಡಿಹೋಗುವಾಗ ರೈಲು ಅಪಘಾತದಲ್ಲಿ ಸತ್ತಳೆಂದು ಊರ ಮಾತು. ಅದು ನಿಜವೇ? ಮಾರ್ಥಾ ಪ್ರೀತಿಸತೊಡಗಿದ ಯಜಮಾನನೇ ಕೊಲೆಗಾರನಿರಬಹುದೇ? ಪುಟಪುಟಕ್ಕೂ ಈ ಅನುಮಾನ ಬೆಳೆಯುತ್ತದೆ. ಓದದವರ ಸ್ವಾರಸ್ಯ ಕೆಡಿಸದಂತೆ ಇಷ್ಟು ಹೇಳಬಹುದು: ಆ ಕೊಲೆಯ ಮೂಲ ಗಂಡಿನ ಮೇಲಿನ ಮೋಹವಲ್ಲ, ಮನೆಯ ಮೇಲಿನ ಮೋಹ. ಆ ಮಹಲಿನ ಒಡತಿಯಾಗಬೇಕೆಂಬ ಹಂಬಲ ಒಬ್ಬರನ್ನು ಕೊಲೆಯವರೆಗೆ ಒಯ್ದಿರುತ್ತದೆ.

ವಿಕ್ಟೋರಿಯಾ ಹೋಲ್ಟಳ ಕಾದಂಬರಿಗಳು ಕೇವಲ ಮೈನವಿರೇಳಿಸುವ ಕಥೆಗಳಾಗದೆ ಉಳಿದದ್ದು ಇಂಥ ಕಡೆಯಲ್ಲಿ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಗವರ್ನೆಸ್ ಎಂದರೆ ಎರಡೂ ಕಡೆಗೆ ಸಲ್ಲದವಳು. ಓದು ಬರಹ ಬಲ್ಲ, ಮರ್ಯಾದಸ್ಥ ಕುಟುಂಬದ ಹೆಣ್ಣು; ತಂದೆ ಸತ್ತು ಗತಿಯಿಲ್ಲದೆ ಇನ್ನೊಬ್ಬರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಬೇಕು. ಯಜಮಾನರ ಊಟದ ಮೇಜಿಗೆ ಅವಳು ಬರುವಂತಿಲ್ಲ. ಆಳುಕಾಳುಗಳ ಅಡುಗೆಮನೆಯಲ್ಲಿ ಕೂರುವುದಕ್ಕೆ ಅವರೇ ಒಪ್ಪುವುದಿಲ್ಲ. ತಟ್ಟೆಯನ್ನು ಕೋಣೆಗೆ ತರಿಸಿಕೊಂಡು ಒಬ್ಬಳೇ ಉಣ್ಣಬೇಕು. ಹೀಗೆ ಎಲ್ಲರ ನಡುವೆ ಒಬ್ಬಂಟಿಯಾದವಳಿಗೆ ಮನೆಯ ಗುಟ್ಟುಗಳು ಕಿವಿಗೆ ಬೀಳುವುದು ಸಹಜ, ಅವಳ ಮಾತನ್ನು ಯಾರೂ ನಂಬದಿರುವುದೂ ಅಷ್ಟೇ ಸಹಜ.

ಮದುವೆಯಾದವಳ ಪಾಡು ಇದಕ್ಕಿಂತ ಭದ್ರವೇನಲ್ಲ. ಇಂಗ್ಲೆಂಡಿನಲ್ಲಿ 1870 ಮತ್ತು 1882ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಗಳು ಬರುವ ತನಕ, ಮದುವೆಯಾದ ಹೆಣ್ಣಿನ ಹಣಕಾಸು, ಸಂಪಾದನೆ ಕಾನೂನಿನ ಪ್ರಕಾರ ಗಂಡನ ಕೈಗೆ ಹೋಗುತ್ತಿತ್ತು. ಹತ್ತಿರದ ಸಂಬಂಧಿಯೊಬ್ಬ ಅರ್ಜಿ ಕೊಟ್ಟು, ಇಬ್ಬರು ವೈದ್ಯರು ಸಹಿ ಹಾಕಿದರೆ ಹುಚ್ಚಾಸ್ಪತ್ರೆಯ ಬಾಗಿಲು ತೆರೆಯುತ್ತಿತ್ತು. 1962ರ 'ಕರ್ಕ್‌ಲ್ಯಾಂಡ್ ರೆವೆಲ್ಸ್' ಕಾದಂಬರಿಯಲ್ಲಿ ಗಂಡನನ್ನು ಕಳೆದುಕೊಂಡ ಬಸುರಿ ಹೆಣ್ಣೊಬ್ಬಳಿಗೆ ರಾತ್ರಿ ಸನ್ಯಾಸಿಯ ವೇಷದ ಆಕೃತಿ ಕಾಣಿಸಿಕೊಳ್ಳುತ್ತದೆ. ಅವಳ ಹೊಟ್ಟೆಯಲ್ಲಿರುವುದು ಆಸ್ತಿಯ ವಾರಸುದಾರ. ಅವಳಿಗೆ ಹುಚ್ಚು ಹಿಡಿದಿದೆಯೆಂದು ಎಲ್ಲರನ್ನೂ, ಕೊನೆಗೆ ಅವಳನ್ನೂ ನಂಬಿಸುವುದು ಹಿಂದಿನ ಕೈಯ ಉದ್ದೇಶ. ಮರುವರ್ಷದ 'ಬ್ರೈಡ್ ಆಫ್ ಪೆಂಡೋರಿಕ್'ನಲ್ಲಿ ಅವಸರದ ಮದುವೆಯಾಗಿ ಬಂದ ಹುಡುಗಿಗೆ ಆ ಮನೆಯ ಸೊಸೆಯರೆಲ್ಲ ಅಕಾಲದಲ್ಲಿ ಸತ್ತರೆಂಬ ಸುದ್ದಿ ಕಾದಿರುತ್ತದೆ. ದೆವ್ವ ಇಲ್ಲಿ ನೆಪ ಮಾತ್ರ. ಭಯದ ಬುಡ ಅಗೆದರೆ ಸಿಗುವುದು ಉಯಿಲು, ಬಾಂಡು, ಪಿತ್ರಾರ್ಜಿತ.

ಇದನ್ನು ಬರೆದವರು ಹಡಗುಕಟ್ಟೆಯ ಓಣಿಯಲ್ಲಿ ಹುಟ್ಟಿದವರು ಎಂಬುದನ್ನು ಮರೆಯಬಾರದು. ಡ್ಯು ಮಾರಿಯೇಗೆ ದೊಡ್ಡ ಮನೆಗಳ ಒಳಗು ಗೊತ್ತಿತ್ತು. ಎಲೀನರ್ ಅವನ್ನು ಗೇಟಿನ ಹೊರಗೆ ನಿಂತು ನೋಡಿದವರು. ಹೋಲ್ಟಳ ನಾಯಕಿಯರು ಮಹಲನ್ನು ಮೊದಲ ಸಲ ಕಾಣುವ ಪುಟಗಳು ಯಾವ ಕಾದಂಬರಿಯಲ್ಲೂ ಚೆನ್ನಾಗಿರುತ್ತವೆ. ಯಜಮಾನನನ್ನು ಮೊದಲ ಸಲ ಕಾಣುವ ಪುಟಗಳಿಗಿಂತ ಚೆನ್ನಾಗಿ ಎಂದರೂ ಸರಿಯೇ.

ನಮ್ಮ ಕಡೆಯ ಓದುಗಿಯರಿಗೆ ಈ ಪುಸ್ತಕಗಳು ಹಿಡಿಸಿದ್ದಕ್ಕೂ ಇಲ್ಲೇ ಒಂದು ಕಾರಣ ಹುಡುಕಬಹುದು. ಹೆಚ್ಚು ಪರಿಚಯವಿಲ್ಲದ ಗಂಡಿನ ಕೈಹಿಡಿದು, ಏನೂ ಗೊತ್ತಿಲ್ಲದ ಮನೆಯ ಹೊಸ್ತಿಲು ದಾಟಿ, ಅಲ್ಲಿಯ ಹಿರಿಯರ ಮೌನಕ್ಕೆ ಅರ್ಥ ಹುಡುಕುತ್ತ ಕೂರುವ ಹೆಣ್ಣಿನ ಚಿತ್ರ ಕಾರ್ನ್‌ವಾಲಿನಿಂದಲೇ ಬರಬೇಕಾಗಿಲ್ಲ. ಬೇರೆ ದೇಶದವರಿಗೂ ಹೀಗೆಯೇ ಅನ್ನಿಸಿರಬೇಕು. 1965ರಲ್ಲಿ ತೈವಾನಿನ ನಿರ್ದೇಶಕ ಷಿನ್ ಚಿ ಮೆಲಿನ್ ಮಹಲಿನ ಕಥೆಯನ್ನು ತೈವಾನೀ ಭಾಷೆಯ ಚಲನಚಿತ್ರವಾಗಿ ಮಾಡಿದರು.

ನವಿಲುಗರಿಯ ಶಾಪ

ಹೋಲ್ಟ್ ಹೆಸರಿನ 32 ಪುಸ್ತಕಗಳಲ್ಲಿ ಎಲ್ಲವೂ ಒಂದೇ ತೂಕದವಲ್ಲ. 1960ರ ದಶಕದವು ಬಿಗಿಯಾಗಿವೆ. ಆಮೇಲಿನವುಗಳಲ್ಲಿ ಅದೇ ಅಚ್ಚಿನಿಂದ ತೆಗೆದ ನಾಯಕಿ, ಅದೇ ಹುಬ್ಬುಗಂಟಿನ ನಾಯಕ, ಅದೇ ಬೆಂಕಿ, ಅದೇ ಬಂಡೆ. ಬೇಸರ ಕಳೆಯಲೆಂದೋ ಏನೋ ಲೇಖಕಿ ಕಥೆಯನ್ನು ದೂರದೂರಕ್ಕೆ ಒಯ್ದರು. 1960ರ ದಶಕದಲ್ಲಿ ಆಸ್ಟ್ರೇಲಿಯಾ ಸುತ್ತಿ ಬಂದ ಮೇಲೆ ಅಲ್ಲಿಯ ಚಿನ್ನದ ಗಣಿ, ಓಪಲ್ ಗಣಿಗಳು ಬಂದವು. 1974ರ 'ದಿ ಹೌಸ್ ಆಫ್ ಎ ಥೌಸಂಡ್ ಲ್ಯಾಂಟರ್ನ್ಸ್' ಹಾಂಗ್‌ಕಾಂಗಿಗೆ ಹೋಗುತ್ತದೆ. 1988ರ 'ದಿ ಇಂಡಿಯಾ ಫ್ಯಾನ್' ನಮ್ಮ ದೇಶಕ್ಕೆ ಬರುತ್ತದೆ.

ಈ ಕೊನೆಯ ಪುಸ್ತಕದ ನಾಯಕಿ ಡ್ರುಸಿಲ್ಲಾ ಹಳ್ಳಿಯ ಪಾದ್ರಿಯ ಮಗಳು. ಸಿರಿವಂತರ ಮನೆಯಲ್ಲಿ ಅವಳ ಕೈಗೆ ಬರುವ ಭಾರತದ ಒಂದು ನವಿಲುಗರಿಯ ಬೀಸಣಿಗೆ ಹಿಡಿದವರಿಗೆಲ್ಲ ಕೇಡು ತರುತ್ತದೆಂಬ ನಂಬಿಕೆ. ಮುಂದೆ ಅವಳು ಭಾರತಕ್ಕೆ ಬರುತ್ತಾಳೆ, 1857ರ ದಂಗೆ ಏಳುತ್ತದೆ. ನವಿಲುಗರಿ ಮನೆಯೊಳಗಿದ್ದರೆ ಅನಿಷ್ಟ ಎಂಬುದು ಇಂಗ್ಲಿಷರ ಹಳೆಯ ಮೂಢನಂಬಿಕೆ. ಕೃಷ್ಣನ ಮುಡಿಯಲ್ಲಿ ನವಿಲುಗರಿ ಕಂಡು ಬೆಳೆದ, ಪಠ್ಯಪುಸ್ತಕದ ನಡುವೆ ಅದನ್ನು ಜೋಪಾನವಾಗಿಟ್ಟ ಓದುಗರಿಗೆ ಈ ಶಾಪ ಸ್ವಲ್ಪ ತಮಾಷೆಯಾಗಿ ಕಂಡರೆ ಆಶ್ಚರ್ಯವಿಲ್ಲ. ದಂಗೆಯನ್ನೂ ಲೇಖಕಿ ಬಂಗಲೆಯ ಜಗಲಿಯಿಂದಲೇ ನೋಡುತ್ತಾರೆ. ಸಿಪಾಯಿಗಳು ಯಾಕೆ ಸಿಡಿದೆದ್ದರು ಎಂಬುದಕ್ಕಿಂತ ಒಳಗಿದ್ದ ಇಂಗ್ಲಿಷ್ ಹೆಂಗಸರು ಹೇಗೆ ಪಾರಾದರು ಎಂಬುದೇ ಮುಖ್ಯ. ಗವರ್ನೆಸ್ಸಿನ ಒಂಟಿತನವನ್ನು ಅಷ್ಟು ಚೆನ್ನಾಗಿ ಕಂಡ ಕಣ್ಣು, ಬೀಸಣಿಗೆ ಮಾಡಿದ ಕೈಗಳ ಕಡೆಗೆ ಹೊರಳಲಿಲ್ಲ.

'ಮೆಲಿನ್'ನ ಯಶಸ್ಸಿನಿಂದ ಅಮೆರಿಕದ ಪೇಪರ್‌ಬ್ಯಾಕ್ ಪ್ರಕಾಶಕರಿಗೆ ಗಾಥಿಕ್ ಚಿನ್ನದ ಗಣಿಯಾಯಿತು. ಫಿಲಿಸ್ ವಿಟ್ನಿ, ಮೇರಿ ಸ್ಟುವರ್ಟ್ ಮೊದಲಾದವರ ಪುಸ್ತಕಗಳೂ ಅದೇ ಕಿಟಕಿ ಬೆಳಕಿನ ಮುಖಪುಟ ಹೊತ್ತು ಬಂದವು. ಸುಮಾರು ಹದಿನೈದು ವರ್ಷ ಆ ಭರಾಟೆ ನಡೆಯಿತು. 1972ರಲ್ಲಿ ಕ್ಯಾಥ್ಲೀನ್ ವುಡಿವಿಸ್ ಅವರ 'ದಿ ಫ್ಲೇಮ್ ಅಂಡ್ ದಿ ಫ್ಲವರ್' ಶಯ್ಯಾಗೃಹದ ಬಾಗಿಲು ತೆರೆದಿಟ್ಟ ಮೇಲೆ ಗಾಳಿ ಬದಲಾಯಿತು. ಒಂದು ಚುಂಬನಕ್ಕಾಗಿ ಮುನ್ನೂರು ಪುಟ ಕಾಯುವ ವ್ಯವಧಾನ ಹೊಸ ಓದುಗರಿಗಿರಲಿಲ್ಲ. ಎಲೀನರ್ ತಮ್ಮ ದಾರಿ ಬದಲಿಸಲಿಲ್ಲ. ಅದೇ 1972ರಲ್ಲಿ ಎಂಟನೆಯ ಬೋರ್ಡು ಹಾಕಿದರು. ಫಿಲಿಪಾ ಕಾರ್ ಹೆಸರಿನಲ್ಲಿ ಎಂಟನೆಯ ಹೆನ್ರಿಯ ಕಾಲದಿಂದ ಇಪ್ಪತ್ತನೆಯ ಶತಮಾನದವರೆಗೆ ಒಂದೇ ವಂಶದ ತಾಯಿ ಮಗಳಂದಿರು ತಲೆಮಾರಿನಿಂದ ತಲೆಮಾರಿಗೆ ತಮ್ಮ ಕಥೆ ಹೇಳಿಕೊಳ್ಳುವ ದೊಡ್ಡ ಮಾಲಿಕೆ ಅದು.

ಈ ಎಲ್ಲ ಹೆಸರುಗಳ ಹಿಂದೆ ಇದ್ದದ್ದು ಒಂದು ಟೈಪ್‌ರೈಟರ್. ಬೆಳಗಿನ ತಿಂಡಿ ಮುಗಿದ ಕೂಡಲೇ ಅದರ ಮುಂದೆ ಕುಳಿತರೆ ಮಧ್ಯಾಹ್ನದ ಊಟದ ವೇಳೆಗೆ ಐದು ಸಾವಿರ ಪದಗಳು ಸಿದ್ಧ. ವಾರದ ಏಳೂ ದಿನ ಹೀಗೆಯೇ. ಮಧ್ಯಾಹ್ನ ಓದುಗರ ಪತ್ರಗಳಿಗೆ ಉತ್ತರ, ಸಂಜೆ ಚದುರಂಗ. 1966ರಲ್ಲಿ ಗಂಡ ತೀರಿಕೊಂಡ ಮೇಲೂ ದಿನಚರಿ ತಪ್ಪಲಿಲ್ಲ. ಇಷ್ಟು ವೇಗದಲ್ಲಿ ಬರೆದದ್ದೆಲ್ಲ ಸಾಹಿತ್ಯವಾಗಲಾರದು ಎಂಬ ವಿಮರ್ಶಕರ ಮಾತಿನಲ್ಲಿ ಸತ್ಯವಿದೆ. ಆದರೆ ಆ ಒಂಬತ್ತು ತಿರಸ್ಕೃತ ಹಸ್ತಪ್ರತಿಗಳಲ್ಲಿದ್ದ ಮನಸ್ಸಿನ ವಿಶ್ಲೇಷಣೆ ಪೂರ್ತಿ ನಾಶವಾಗಲಿಲ್ಲ. ತಾನು ಪ್ರೀತಿಸುವವನಿಗೇ ಹೆದರುವ ಹೆಣ್ಣಿನ ಒಳತೋಟಿಯಾಗಿ ಅದು ಹೋಲ್ಟಳ ಉತ್ತಮ ಕೃತಿಗಳಲ್ಲಿ ವೇಷ ಮರೆಸಿ ಬಂದಿದೆ. ಮಾರಾಟದ ಲೆಕ್ಕವೂ ಇದನ್ನೇ ಹೇಳುತ್ತದೆ. ಎಂಟು ಹೆಸರುಗಳ ಹತ್ತು ಕೋಟಿಯಲ್ಲಿ ಸುಮಾರು ಏಳೂವರೆ ಕೋಟಿ ಈ ಒಂದು ಹೆಸರಿನದು.

ಮನೆಗಳ ಬಗ್ಗೆ ಜೀವಮಾನವಿಡೀ ಬರೆದವರಿಗೆ ಕೊನೆಗೂ ಒಂದು ಮಹಲನ್ನು ಕೊಳ್ಳುವ ಶಕ್ತಿ ಬಂತು. 1970ರ ದಶಕದಲ್ಲಿ ಕೆಂಟ್ ಪ್ರಾಂತದ ಸ್ಯಾಂಡ್‌ವಿಚ್ ಊರಿನಲ್ಲಿ ಹದಿಮೂರನೆಯ ಶತಮಾನದ ಒಂದು ಹಳೆಯ ಮನೆಯನ್ನು ಕೊಂಡು, ಎಂಟನೆಯ ಹೆನ್ರಿ ಮತ್ತು ಒಂದನೆಯ ಎಲಿಜಬೆತ್ ಅಲ್ಲಿ ತಂಗಿದ್ದರೆಂಬ ನಂಬಿಕೆಯಿಂದ 'ಕಿಂಗ್ಸ್ ಲಾಡ್ಜಿಂಗ್' ಎಂದು ಹೆಸರಿಟ್ಟರು. ಮನೆ ತೀರ ದೊಡ್ಡದಾಯಿತು, ಲಂಡನ್ ದೂರವಾಯಿತು. ಅಲ್ಲಿ ಮನಸ್ಸು ನಿಲ್ಲದೆ ಕೆನ್ಸಿಂಗ್‌ಟನ್ನಿನಲ್ಲಿ ಆಲ್ಬರ್ಟ್ ಹಾಲ್ ಕಾಣುವ ಒಂದು ಫ್ಲ್ಯಾಟು ಹಿಡಿದರು. ಚಳಿಗಾಲ ಬಂತೆಂದರೆ ಅದಕ್ಕೂ ಬೀಗ ಹಾಕಿ ಹಡಗು ಹತ್ತುತ್ತಿದ್ದರು. ಅಂಥ ಒಂದು ಚಳಿಗಾಲದ ಪಯಣವೇ 'ಸೀ ಪ್ರಿನ್ಸೆಸ್'ನದು.

ಎಲೀನರ್ ತೀರಿಕೊಂಡ 1993ರಲ್ಲೇ ವಿಕ್ಟೋರಿಯಾ ಹೋಲ್ಟಳ 'ದಿ ಬ್ಲ್ಯಾಕ್ ಓಪಲ್' ಮತ್ತು ಜೀನ್ ಪ್ಲೇಡಿಯ 'ದಿ ರೋಸ್ ವಿದೌಟ್ ಎ ಥಾರ್ನ್' ಪ್ರಕಟವಾದವು. ಫಿಲಿಪಾ ಕಾರ್‌ಳ ಕೊನೆಯ ಪುಸ್ತಕ 'ಡಾಟರ್ಸ್ ಆಫ್ ಇಂಗ್ಲೆಂಡ್' 1995ರಲ್ಲಿ ಬಂತು.